ಬೀಡಿನ ಹಂಚು

ಬೀಡಿನ ಹಂಚು ಎಂದರೆ ಕರಗಿಸಿದ ಬೀಡುಕಬ್ಬಿಣವನ್ನು ಅಚ್ಚಿಗೆ ಎರೆದು ತಯಾರಿಸುವ ದಪ್ಪ ತಳದ ಅಡುಗೆ ಪಾತ್ರೆ. ದೋಸೆ, ಪಡ್ಡು, ತಾಲಿಪಟ್ಟು, ಚಪಾತಿ, ಪಲ್ಯ ಮೊದಲಾದವುಗಳನ್ನು ಮಾಡಲು ಇದನ್ನು ಬಳಸುತ್ತಾರೆ. ಹೊಸ ಹಂಚಿಗೆ ಎಣ್ಣೆ ಸವರಿ ಕಾಯಿಸಿ ಅದನ್ನು ಅಡುಗೆಗೆ ಸಿದ್ಧಗೊಳಿಸುವ ಕ್ರಮವನ್ನು 'ಪಳಗಿಸುವುದು' ಎನ್ನುತ್ತಾರೆ. ಚೆನ್ನಾಗಿ ಪಳಗಿದ ಹಂಚಿಗೆ ಹಿಟ್ಟು ಅಂಟುವುದಿಲ್ಲ. ಅದು ಹಲವು ತಲೆಮಾರುಗಳವರೆಗೆ ಬಾಳುತ್ತದೆ. ತುಕ್ಕು ಹಿಡಿಯಿತೆಂದು ಇಂತಹ ಹಂಚುಗಳನ್ನು ಗುಜರಿಗೆ ಹಾಕುವುದುಂಟು. ಆದರೆ ತುಕ್ಕು ಹಿಡಿದ ಹಂಚನ್ನು ಬಹುಮಟ್ಟಿಗೆ ಮತ್ತೆ ಬಳಕೆಗೆ ತರಬಹುದು; ಬಿರುಕು ಬಿಟ್ಟ ಹಂಚನ್ನು ಮಾತ್ರ ತರಲಾಗದು.

ಹೆಸರು

'ಹಂಚು' ಎಂಬ ಪದಕ್ಕೆ ಮನೆಯ ಮಾಡಿಗೆ ಹೊದಿಸುವ ಸುಟ್ಟ ಮಣ್ಣಿನ ಬಿಲ್ಲೆ ಎಂಬ ಅರ್ಥವೂ, ರೊಟ್ಟಿ ಬೇಯಿಸುವ ಪಾತ್ರೆ ಎಂಬ ಅರ್ಥವೂ ಇದೆ. ರೊಟ್ಟಿಯ ಹಂಚು ಮೊದಲು ಮಣ್ಣಿನದಾಗಿದ್ದುದರಿಂದ ಎರಡು ಅರ್ಥಗಳೂ ಒಂದೇ ಪದದಲ್ಲಿ ಉಳಿದಿವೆ. ಉತ್ತರ ಕರ್ನಾಟಕದಲ್ಲಿ ಹಂಚು ಎಂಬ ಹೆಸರೇ ಬಳಕೆಯಲ್ಲಿದೆ. ಹಳೆಯ ಮೈಸೂರು ಪ್ರಾಂತದಲ್ಲಿಯೂ ಕರಾವಳಿಯಲ್ಲಿಯೂ ಇದನ್ನು ಕಾವಲಿ ಎನ್ನುತ್ತಾರೆ. 'ಬೀಡು' ಎಂದರೆ ಎರಕದ ಕಬ್ಬಿಣ. ಮರಾಠಿಯಲ್ಲಿಯೂ ಈ ಲೋಹಕ್ಕೆ 'ಬೀಡ' ಎಂದೇ ಹೆಸರು. ಕುಳಿಗಳುಳ್ಳ ಪಡ್ಡಿನ ಹಂಚು ಇದರದೇ ಇನ್ನೊಂದು ರೂಪ. ಪಾಶ್ಚಾತ್ಯ ದೇಶಗಳಲ್ಲಿ ಬಳಕೆಯಲ್ಲಿರುವ, ಉದ್ದ ಹಿಡಿಕೆಯೂ ಎತ್ತರದ ಅಂಚೂ ಇರುವ 'ಸ್ಕಿಲೆಟ್' ಕೂಡ ಇದೇ ಲೋಹದ್ದು. ಎರಡರ ಆರೈಕೆಯ ಕ್ರಮವೂ ಒಂದೇ.

ಲೋಹದ ಗುಣಗಳು

ಬೀಡುಕಬ್ಬಿಣದಲ್ಲಿ ಇಂಗಾಲದ ಅಂಶ ಶೇ. 2ಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಶೇ. 4ರೊಳಗೆ ಇರುತ್ತದೆ. ಶುದ್ಧ ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಬೀಡು ಸುಮಾರು 1150ರಿಂದ 1200 ಡಿಗ್ರಿಯಲ್ಲಿಯೇ ಕರಗುತ್ತದೆ. ಆದ್ದರಿಂದ ಅದನ್ನು ಮರಳಿನ ಅಚ್ಚಿಗೆ ಎರೆಯುವುದು ಸುಲಭ. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆ ಎರೆಯುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ ಇಂತಹ ಪಾತ್ರೆಗಳು ಅಗ್ಗವಾದವು. ಕರ್ನಾಟಕದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಎರಕದ ಕೆಲಸಕ್ಕೆ ಇಂದು ಬೆಳಗಾವಿ ಹೆಸರಾಗಿದೆ. ಆದರೆ ಅಲ್ಲಿ ಮುಖ್ಯವಾಗಿ ತಯಾರಾಗುವುದು ಯಂತ್ರಗಳ ಬಿಡಿಭಾಗಗಳು.

ಇಂಗಾಲ ಹೆಚ್ಚಿರುವುದರಿಂದ ಬೀಡು ಗಟ್ಟಿಯಾಗಿದ್ದರೂ ಪೆಡಸು. ತಗಡಿನ ಹಂಚು ಕೆಳಗೆ ಬಿದ್ದರೆ ನೆಗ್ಗುತ್ತದೆ. ಬೀಡಿನ ಹಂಚು ಒಡೆಯುತ್ತದೆ. ಬೀಡು ಶಾಖವನ್ನು ಅಲ್ಯುಮಿನಿಯಂನಷ್ಟು ಬೇಗ ಹರಡುವುದಿಲ್ಲ. ಹೀಗಾಗಿ ದೊಡ್ಡ ಉರಿಯ ಮೇಲೆ ಇಟ್ಟ ಕೂಡಲೇ ನಡುಭಾಗ ಮಾತ್ರ ಸುಡುತ್ತದೆ, ಅಂಚು ತಣ್ಣಗಿರುತ್ತದೆ. ಆದರೆ ಒಮ್ಮೆ ಪೂರ್ತಿ ಕಾದರೆ ಅದರ ದಪ್ಪದಿಂದಾಗಿ ಶಾಖ ಬೇಗ ಇಳಿಯುವುದಿಲ್ಲ. ತಣ್ಣನೆಯ ಹಿಟ್ಟು ಸುರಿದಾಗಲೂ ಹಂಚು ಬಿಸಿಯಾಗಿಯೇ ಇರುವುದರಿಂದ ದೋಸೆ ಗರಿಯಾಗುತ್ತದೆ.

ಆಯ್ಕೆ

ಹಂಚನ್ನು ಕೊಳ್ಳುವಾಗ ಅಂಚನ್ನು ಹಿಡಿದೆತ್ತಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಬೇಕು. ಬಿರುಕಿಲ್ಲದ ಹಂಚು ಗಂಟೆಯಂತೆ ನಾದ ಕೊಡುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಬೋದಾಗಿರುತ್ತದೆ. ಮೇಲ್ಮೈ ತುಸು ಒರಟಾಗಿದ್ದರೆ ತೊಂದರೆಯಿಲ್ಲ. ತೂತು, ಗುಳಿಗಳು ಇರಬಾರದು. ಗಾಜಿನ ಮೇಲ್ಮೈಯ ವಿದ್ಯುತ್ ಒಲೆಗೆ ತಳ ಸಮತಟ್ಟಾಗಿರಬೇಕು. ಬೀಡಿನ ಹಂಚು ಇಂಡಕ್ಷನ್ ಒಲೆಯ ಮೇಲೂ ಕಾಯುತ್ತದೆ.

ಪಳಗಿಸುವಿಕೆ

ಹೊಸ ಹಂಚಿನ ಮೇಲೆ ಎರಕದ ಮಸಿ, ತುಕ್ಕು ತಡೆಯಲು ಸವರಿದ ಎಣ್ಣೆ ಅಥವಾ ಮೇಣ ಇರುತ್ತದೆ. ಇದನ್ನು ತೆಗೆಯಲು ಹಂಚಿನಲ್ಲಿ ಎರಡು ಮೂರು ದಿನ ಅಕ್ಕಿ ತೊಳೆದ ನೀರು ಅಥವಾ ಗಂಜಿ ತುಂಬಿಡುವುದು, ದಿನವೂ ಅದನ್ನು ಚೆಲ್ಲಿ ಉಜ್ಜಿ ಹೊಸದನ್ನು ಹಾಕುವುದು ಹಳೆಯ ರೂಢಿ. ಹುಳಿಯಾದ ಆ ನೀರಿನಲ್ಲಿರುವ ಸೌಮ್ಯ ಆಮ್ಲ ಮಸಿಯನ್ನೂ ಎಳೆ ತುಕ್ಕನ್ನೂ ಸಡಿಲಿಸುತ್ತದೆ. ಅವಸರವಿದ್ದವರು ಬಿಸಿನೀರು, ಸಾಬೂನು ಮತ್ತು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬಹುದು. ಬಳಿಕ ಕ್ರಮ ಹೀಗಿದೆ:

1. ಹಂಚನ್ನು ಒರೆಸಿ ಸಣ್ಣ ಉರಿಯ ಮೇಲಿಟ್ಟು ತೇವ ಪೂರ್ತಿ ಆರಿಸಬೇಕು.
2. ಹಂಚು ಬೆಚ್ಚಗಿರುವಾಗ ಒಳಗೆ, ಹೊರಗೆ, ಹಿಡಿಕೆಗೆ ಒಂದು ಚಮಚೆಗಿಂತ ಕಡಿಮೆ ಎಣ್ಣೆ ಸವರಬೇಕು.
3. ಒಣಬಟ್ಟೆಯಿಂದ ಆ ಎಣ್ಣೆಯನ್ನೆಲ್ಲ ಒರೆಸಿ ತೆಗೆಯುವಂತೆ ಒರೆಸಬೇಕು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಉಳಿದರೆ ಸಾಕು.
4. ಸಣ್ಣ ಹೊಗೆ ಏಳುವವರೆಗೆ ಕಾಯಿಸಿ, ಹೊಗೆ ನಿಂತ ಮೇಲೆ ಒಲೆ ಆರಿಸಿ ತಾನಾಗಿ ತಣಿಯಲು ಬಿಡಬೇಕು. ಅಡುಗೆಮನೆಯ ಕಿಟಕಿ ತೆರೆದಿರಬೇಕು. ಓವನ್ ಇದ್ದವರು ಹಂಚನ್ನು ಬೋರಲಾಗಿಟ್ಟು 200ರಿಂದ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಬಹುದು.
5. ಇದನ್ನು ನಾಲ್ಕೈದು ಬಾರಿ ಪುನರಾವರ್ತಿಸಬೇಕು.

ಹೆಚ್ಚು ಎಣ್ಣೆ ಹಾಕಿದರೆ ಬೇಗ ಪಳಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ದಪ್ಪ ಪದರ ಒಳಗಿನವರೆಗೆ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ ಅಥವಾ ಸಿಪ್ಪೆಯಂತೆ ಏಳುತ್ತದೆ.

ಎಣ್ಣೆಯ ಪದರದ ವಿಜ್ಞಾನ

ಪಳಗಿದ ಹಂಚಿನ ಕಪ್ಪು ಹೊಳಪು ಎಣ್ಣೆಯ ಜಿಡ್ಡಲ್ಲ. ಅಸಂತೃಪ್ತ ಕೊಬ್ಬಿನಾಮ್ಲಗಳಿರುವ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕಾದಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಹೊದಿಕೆಯಾಗುತ್ತವೆ. ಈ ಕ್ರಿಯೆಗೆ ಪಾಲಿಮರೀಕರಣ ಎಂದು ಹೆಸರು. ಮರದ ಬಾಗಿಲಿಗೆ ಬಳಿದ ಅಗಸೆ ಎಣ್ಣೆ ಒಣಗಿ ಮೆರುಗಾಗುವುದೂ ಇದೇ ಬಗೆಯಲ್ಲಿ.

ಈ ಕಾರಣದಿಂದ ಎಲ್ಲ ಎಣ್ಣೆಗಳೂ ಸಮನಲ್ಲ. ಅಗಸೆ ಎಣ್ಣೆ ಬಹುಬೇಗ ಗಟ್ಟಿಯಾಗುತ್ತದೆ, ಆದರೆ ಅದರ ಹೊದಿಕೆ ಪೆಡಸಾಗಿ ಸುಲಿಯುವುದುಂಟು. ಉತ್ತರ ಕರ್ನಾಟಕದ ಅಡುಗೆಮನೆಯ ಹಳೆಯ ಎಣ್ಣೆಯಾದ ಕುಸುಬೆ ಎಣ್ಣೆಯಲ್ಲಿ ಸಾಂಪ್ರದಾಯಿಕ ತಳಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಲಿನೊಲಿಯಿಕ್ ಆಮ್ಲವಿರುವುದರಿಂದ ಅದು ಈ ಕೆಲಸಕ್ಕೆ ತಕ್ಕುದು. ಸೂರ್ಯಕಾಂತಿ ಮತ್ತು ಶೇಂಗಾ ಎಣ್ಣೆಗಳೂ ನಡೆಯುತ್ತವೆ. ತೆಂಗಿನೆಣ್ಣೆ ಮತ್ತು ತುಪ್ಪದಲ್ಲಿ ಸಂತೃಪ್ತ ಕೊಬ್ಬು ಹೆಚ್ಚು; ಅವು ಅಡುಗೆಗೆ ಒಳ್ಳೆಯವಾದರೂ ಪದರ ಕಟ್ಟಲು ದುರ್ಬಲ.

ಮೊದಲ ಅಡುಗೆಗಳು

ಆರಂಭದಲ್ಲಿ ಎಣ್ಣೆ ಹೆಚ್ಚು ಬೇಡುವ ಅಡುಗೆಗಳನ್ನು ಮಾಡಬೇಕು. ಈರುಳ್ಳಿ ಹುರಿಯುವುದು, ಆಲೂಗಡ್ಡೆ ಪಲ್ಯ, ತಾಲಿಪಟ್ಟು ಇದಕ್ಕೆ ಸೂಕ್ತ. ಆಮೇಲೆ ದೋಸೆ, ಪಡ್ಡು. ತೆಳುವಾದ ನೀರು ದೋಸೆಗೆ ಪೂರ್ಣ ಪಳಗಿದ ಹಂಚೇ ಬೇಕು. ಪ್ರತಿಬಾರಿಯೂ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಅರ್ಧ ಹೋಳಿನ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿ, ನಂತರ ಹಿಟ್ಟು ಹಾಕಬೇಕು. ಹಂಚು ಸಾಲದಷ್ಟು ಕಾದಿದ್ದರೆ ಹಿಟ್ಟು ಅಂಟುತ್ತದೆ. ಅತಿಯಾಗಿ ಕಾದಿದ್ದರೆ ಹರಡುವ ಮೊದಲೇ ಸೌಟಿಗೆ ಸುತ್ತಿಕೊಂಡು ಏಳುತ್ತದೆ. ಅಂಟಿದ ದೋಸೆಯನ್ನು ಕೆರೆದು ತೆಗೆಯುವ ಬದಲು ತುಸು ಕಾದರೆ, ತಳ ಬೆಂದ ಮೇಲೆ ಅದು ಬಹುವೇಳೆ ತಾನೇ ಬಿಡುತ್ತದೆ.

ಹುಣಸೆಹಣ್ಣು, ಟೊಮೆಟೊ, ಮಜ್ಜಿಗೆ ಸೇರಿದ ಪದಾರ್ಥಗಳನ್ನು ಎಳೆಯ ಪದರದ ಹಂಚಿನಲ್ಲಿ ಬಹಳ ಹೊತ್ತು ಕುದಿಸಬಾರದು. ಆಮ್ಲ ಪದರವನ್ನು ಕರಗಿಸಿ ಅಡುಗೆಗೆ ಲೋಹದ ರುಚಿ ತರುತ್ತದೆ. ಬದನೆ, ಬಾಳೆಕಾಯಿಗಳು ಕಪ್ಪಾಗುವುದು ಅವುಗಳಲ್ಲಿನ ಒಗರಿನ ಅಂಶ ಕಬ್ಬಿಣದೊಡನೆ ಕೂಡುವುದರಿಂದ, ಅದು ಹಾನಿಕರವಲ್ಲ.

ರೊಟ್ಟಿಗೆ ಬೇರೆ, ದೋಸೆಗೆ ಬೇರೆ

ಧಾರವಾಡ ಜಿಲ್ಲೆಯ ಪೂರ್ವದ ಬಯಲುಸೀಮೆಯಲ್ಲಿ ಜೋಳ ಹೆಚ್ಚು. ಪಶ್ಚಿಮದ ಅರೆಮಲೆನಾಡಿನಲ್ಲಿ ಭತ್ತ ಪ್ರಧಾನ. ಇಲ್ಲಿನ ಮುಗದದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ. ಜೋಳದ ರೊಟ್ಟಿಯೂ ಅಕ್ಕಿಯ ದೋಸೆ, ಪಡ್ಡುಗಳೂ ಆಗುವ ಮನೆಗಳಲ್ಲಿ ಎರಡಕ್ಕೂ ಬೇರೆಬೇರೆ ಹಂಚು ಇಡುವ ರೂಢಿಗೆ ಸಕಾರಣವಿದೆ. ಜೋಳದ ರೊಟ್ಟಿಯನ್ನು ಎಣ್ಣೆಯಿಲ್ಲದೆ, ದೊಡ್ಡ ಉರಿಯಲ್ಲಿ, ಮೇಲೆ ನೀರು ಸವರಿ ಬೇಯಿಸುತ್ತಾರೆ. ಆ ಒಣ ಕಾವಿಗೆ ಎಣ್ಣೆಯ ಪದರ ಸುಟ್ಟುಹೋಗುತ್ತದೆ. ಅದೇ ಹಂಚಿನ ಮೇಲೆ ದೋಸೆ ಹಾಕಿದರೆ ಅಂಟುತ್ತದೆ. ಒಂದೇ ಹಂಚು ಇರುವವರು ರೊಟ್ಟಿಯ ನಂತರ ಒಮ್ಮೆ ಎಣ್ಣೆ ಸವರಿ ಕಾಯಿಸಿಡುವುದು ಉತ್ತಮ.

ದಿನನಿತ್ಯದ ಆರೈಕೆ

ಅಡುಗೆ ಮುಗಿದ ಮೇಲೆ ಹಂಚು ಬೆಚ್ಚಗಾಗುವವರೆಗೆ ತಣಿಸಿ, ಬಿಸಿನೀರು ಮತ್ತು ನಾರಿನಿಂದ ತೊಳೆಯಬೇಕು. ಅಂಟಿದ್ದನ್ನು ಹರಳುಪ್ಪಿನಿಂದ ಉಜ್ಜಬಹುದು. ಸಾಬೂನು ತಾಕಿಸಲೇಬಾರದು ಎಂಬ ನಿಯಮ ಕಾಸ್ಟಿಕ್ ಸೋಡಾದ ಅಂಶ ಹೆಚ್ಚಿದ್ದ ಹಿಂದಿನ ಸಾಬೂನುಗಳ ಕಾಲದ್ದು. ಇಂದಿನ ಸೌಮ್ಯ ದ್ರವ ಸಾಬೂನು ಗಟ್ಟಿಯಾದ ಪದರವನ್ನು ಕೀಳುವುದಿಲ್ಲ. ಹಂಚನ್ನು ನೀರಿನಲ್ಲಿ ನೆನೆಹಾಕಬಾರದು. ತೊಳೆದೊಡನೆ ಒರೆಸಿ, ಒಲೆಯ ಮೇಲೆ ಒಂದೆರಡು ನಿಮಿಷ ಕಾಯಿಸಿ, ಎರಡು ಹನಿ ಎಣ್ಣೆ ಸವರಿಡಬೇಕು.

ಕಾದ ಹಂಚಿಗೆ ತಣ್ಣೀರು ಸುರಿಯಬಾರದು. ಒಂದು ಭಾಗ ತಟ್ಟನೆ ಕುಗ್ಗಿ ಉಳಿದ ಭಾಗ ಹಿಗ್ಗಿಯೇ ಇರುವುದರಿಂದ ಪೆಡಸಾದ ಬೀಡು ಸೀಳುತ್ತದೆ. ದೋಸೆ ಹಾಕುವಾಗ ಚಿಮುಕಿಸುವ ನಾಲ್ಕು ಹನಿಗಳು ಕೂಡಲೇ ಆವಿಯಾಗುವುದರಿಂದ ಅಷ್ಟು ಅಪಾಯವಿಲ್ಲ.

ತುಕ್ಕು

ಕಬ್ಬಿಣ, ಆಮ್ಲಜನಕ ಮತ್ತು ನೀರು ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಮುಗದ, ಅಳ್ನಾವರದಂತಹ ಮಳೆ ಹೆಚ್ಚಿರುವ ಊರುಗಳಲ್ಲಿ ಮುಂಗಾರಿನ ತಂಪು ಗಾಳಿಗೆ ಬಳಸದೆ ಇಟ್ಟ ಹಂಚು ಬೇಗ ಕೆಂಪಾಗುತ್ತದೆ. ಅಂತಹ ದಿನಗಳಲ್ಲಿ ಹಂಚನ್ನು ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ, ಒಲೆಯ ಸಮೀಪದ ಒಣ ಜಾಗದಲ್ಲಿ ಇಡಬೇಕು, ಮುಚ್ಚಳ ಮುಚ್ಚಿಡಬಾರದು.

ಮೇಲುಮೇಲಿನ ತುಕ್ಕು ಉಪ್ಪು, ಎಣ್ಣೆ ಹಾಕಿ ಉಜ್ಜಿದರೆ ಹೋಗುತ್ತದೆ. ದಪ್ಪ ತುಕ್ಕಿಗೆ ಹುಣಸೆಹುಳಿ ಅಥವಾ ಸಮಪ್ರಮಾಣದ ವಿನೆಗರ್ ಮತ್ತು ನೀರು ಬೇಕು. ಹೆಚ್ಚೆಂದರೆ ಅರ್ಧ ಗಂಟೆ ನೆನೆಸಿ ಉಜ್ಜಿ ತೊಳೆಯಬೇಕು. ರಾತ್ರಿಯಿಡೀ ಬಿಟ್ಟರೆ ಆಮ್ಲ ಲೋಹವನ್ನೇ ತಿನ್ನುತ್ತದೆ. ಬೂದು ಬಣ್ಣದ ಲೋಹ ಕಂಡೊಡನೆ ಒಣಗಿಸಿ ಹೊಸ ಹಂಚಿನಂತೆಯೇ ಪಳಗಿಸಬೇಕು.

ಆರೋಗ್ಯ

ಬೀಡಿನ ಪಾತ್ರೆಯಿಂದ ಸ್ವಲ್ಪ ಕಬ್ಬಿಣ ಆಹಾರಕ್ಕೆ ಸೇರುತ್ತದೆ. ಹುಳಿ, ತೇವ ಮತ್ತು ಬೇಯುವ ಅವಧಿ ಹೆಚ್ಚಿದಂತೆ ಅದರ ಪ್ರಮಾಣವೂ ಏರುತ್ತದೆ. ಇಥಿಯೋಪಿಯದಲ್ಲಿ ನಡೆದು 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರ ಉಂಡ ಮಕ್ಕಳಲ್ಲಿ ರಕ್ತಹೀನತೆ ಕಡಿಮೆಯಾದುದು ಕಂಡುಬಂದಿತು. ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದಾಖಲಿಸಿರುವುದರಿಂದ ಈ ವಿಷಯಕ್ಕೆ ಮಹತ್ವವಿದೆ. ಆದರೆ ಬೇಗ ಬೇಯುವ ದೋಸೆಗೆ ಸೇರುವ ಕಬ್ಬಿಣ ಅಲ್ಪ. ಪಳಗಿದ ಪದರ ಅದನ್ನು ಇನ್ನಷ್ಟು ತಗ್ಗಿಸುತ್ತದೆ. ಹಂಚು ಔಷಧಿಗೆ ಬದಲಿಯಲ್ಲ. ಥಲಸ್ಸೀಮಿಯಾದಂತಹ, ದೇಹದಲ್ಲಿ ಕಬ್ಬಿಣ ಮಿತಿಮೀರಿ ಸೇರುವ ಸ್ಥಿತಿಯಲ್ಲಿರುವವರು ವೈದ್ಯರನ್ನು ಕೇಳಿ ಬಳಸಬೇಕು.

ಇವನ್ನೂ ನೋಡಿ

ಜೋಳದ ರೊಟ್ಟಿ, ಪಡ್ಡು, ನೀರು ದೋಸೆ, ಬೀಡುಕಬ್ಬಿಣ, ತುಕ್ಕು, ಮುಗದ