ಸಾಲವಿಲ್ಲದ ಉಂಗುರ

ಕ್ರಿಸ್‌ಮಸ್ ಕಳೆದು ತಪಸ್ಸುಕಾಲ ಆರಂಭವಾಗುವವರೆಗಿನ ವಾರಗಳು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಮದುವೆಯ ದಿನಗಳು. ಭಾನುವಾರದ ಬಲಿಪೂಜೆಯ ಕೊನೆಗೆ ಗುರುಗಳು ವಿವಾಹ ಪ್ರಕಟಣೆಗಳನ್ನು ಓದುವಾಗ ಕೊನೆಯ ಬೆಂಚಿನಲ್ಲಿ ಕುಳಿತವರು ಕೂಡ ಕಿವಿಗೊಟ್ಟು ಕೇಳುತ್ತಾರೆ. ಆ ಹೆಸರುಗಳ ಹಿಂದೆ ಎರಡೆರಡು ಮನೆಗಳ ಸಂತಸವಿರುತ್ತದೆ. ಯಾರೊಡನೆಯೂ ಹೇಳಿಕೊಳ್ಳಲಾಗದ ಲೆಕ್ಕಾಚಾರವೂ ಇರುತ್ತದೆ. ಸೊಯ್ರಿಕ್ ಕೂಡಿಬಂದ ದಿನವೇ ಆ ಲೆಕ್ಕ ಆರಂಭವಾಗುತ್ತದೆ. ಸಭಾಂಗಣ, ಊಟ, ಸೀರೆಗಳ ಮಾತು ಅನಂತರದ್ದು. ಮೊದಲು ಎದುರಾಗುವುದು ನಿಶ್ಚಿತಾರ್ಥದ ಉಂಗುರ.

1990ರ ದಶಕದ ನಡುವಿನಲ್ಲಿ ಹತ್ತು ಗ್ರಾಂ ಅಪರಂಜಿಗೆ ಐದು ಸಾವಿರ ರೂಪಾಯಿಯ ಆಸುಪಾಸಿನ ಬೆಲೆಯಿತ್ತು. 2025ರಲ್ಲಿ ಅದು ಒಂದು ಲಕ್ಷವನ್ನು ದಾಟಿತು. ಸಂಬಳಗಳು ಆ ವೇಗದಲ್ಲಿ ಏರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಉಂಗುರದ ವಿಷಯವನ್ನು ಈ ವಾರ ಓದುಗರ ಮುಂದಿಡುವುದು ಸೂಕ್ತವೆಂದು ನಮಗೆ ತೋರಿದೆ.

ನಮ್ಮ ಬಂಧುವರ್ಗದ ತರುಣನೊಬ್ಬನಿಗೆ ಕಳೆದ ವರ್ಷ ಸಂಬಂಧ ನಿಶ್ಚಯವಾಯಿತು. ಖಾಸಗಿ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ, ತಿಂಗಳಿಗೆ ಇಪ್ಪತ್ತೆರಡು ಸಾವಿರ ಸಂಬಳ. ತಂದೆ ತೀರಿಕೊಂಡಿದ್ದಾರೆ, ಮನೆಯಲ್ಲಿ ತಾಯಿಯೊಬ್ಬರೇ. ಹುಡುಗಿ ದಾದಿ. ಆಕೆಯ ಅಕ್ಕನ ಗಂಡ ಗಲ್ಫ್ ದೇಶದಲ್ಲಿದ್ದು, ತನ್ನ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ತಂದಿದ್ದನಂತೆ. ಯಾರೂ ಕೇಳದಿದ್ದರೂ ಆ ಉಂಗುರ ನಮ್ಮ ತರುಣನ ಕಣ್ಣೆದುರು ಹೊಳೆಯುತ್ತಲೇ ಇತ್ತು. ಒಂದು ಲಕ್ಷ ಸಾಲಕ್ಕೆ ಅರ್ಜಿ ತುಂಬಿಸಿ, ಜಾಮೀನು ಸಹಿಗಾಗಿ ನಮ್ಮ ಬಳಿಗೆ ಬಂದ.

"ಇಷ್ಟೂ ಮಾಡದಿದ್ದರೆ ಅವರ ಮನೆಯಲ್ಲಿ ನಾನು ತಲೆಯೆತ್ತಿ ನಿಲ್ಲುವುದು ಹೇಗೆ, ಅಂಕಲ್?" ಎಂಬುದು ಅವನ ಪ್ರಶ್ನೆ.

ಸಹಿ ಹಾಕಲು ನಮಗೆ ಮನಸ್ಸಾಗಲಿಲ್ಲ. ಇಲ್ಲವೆನ್ನಲು ಬಾಯಿಯೂ ಬರಲಿಲ್ಲ. "ಮೊದಲು ಆ ಹುಡುಗಿಯನ್ನು ಒಂದು ಮಾತು ಕೇಳು" ಎಂದಷ್ಟೇ ಹೇಳಿ ಕಳುಹಿಸಿದೆವು.

ಉಂಗುರದ ಹಿನ್ನೆಲೆ

ಅವನು ಹೋದ ಮೇಲೆ ಈ ಪದ್ಧತಿಯ ಮೂಲವನ್ನು ನೆನೆದೆವು. ನಿಶ್ಚಿತಾರ್ಥದ ಉಂಗುರ ಕ್ರೈಸ್ತರಿಗಿಂತಲೂ ಹಳೆಯದು. ಒಂದನೆಯ ಶತಮಾನದ ರೋಮಿನಲ್ಲಿ ನಿಶ್ಚಯವಾದ ಕನ್ಯೆಗೆ ಹರಳಿಲ್ಲದ ಕಬ್ಬಿಣದ ಉಂಗುರವನ್ನು ಕಳುಹಿಸುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಅಂದರೆ ಮೊದಲಿಗೆ ಬೆಲೆಯಿದ್ದುದು ಕೊಟ್ಟ ಮಾತಿಗೆ. ಲೋಹ ಯಾವುದೆಂಬುದು ಮುಖ್ಯವಾಗಿರಲಿಲ್ಲ.

ಇದಕ್ಕಿಂತಲೂ ಗಮನಾರ್ಹವಾದದ್ದು ಪೋಪ್ ಒಂದನೆಯ ನಿಕೋಲಾಸರು 866ರಲ್ಲಿ ಬರೆದ ಪತ್ರ. ಆಗತಾನೇ ಕ್ರೈಸ್ತ ಧರ್ಮ ಸ್ವೀಕರಿಸಿದ್ದ ಬಲ್ಗೇರಿಯದ ದೊರೆ ಬೋರಿಸ್ ಹಲವು ಸಂದೇಹಗಳನ್ನು ರೋಮಿಗೆ ಬರೆದು ಕಳುಹಿಸಿದ್ದ. ಉತ್ತರದಲ್ಲಿ ಪೋಪರು ವಿವಾಹದ ಕ್ರಮವನ್ನು ವಿವರಿಸುತ್ತಾ, ವರನು ವಧುವಿನ ಬೆರಳಿಗೆ ನಂಬಿಕೆಯ ಗುರುತಾದ ಉಂಗುರವನ್ನು ತೊಡಿಸುವುದನ್ನು ಹೇಳುತ್ತಾರೆ. ಅದರ ಬೆನ್ನಿಗೇ, ಈ ಆಚರಣೆಗಳೆಲ್ಲ ನಡೆಯದಿದ್ದರೆ ಪಾಪವೆಂದು ತಾವು ಹೇಳುವುದಿಲ್ಲವೆಂದೂ, ಇವನ್ನು ಒದಗಿಸಿಕೊಳ್ಳಲಾಗದಷ್ಟು ಬಡತನ ಕೆಲವರನ್ನು ಕಾಡುತ್ತದೆಯೆಂದೂ, ಅಂಥವರಿಗೆ ಪರಸ್ಪರರ ಸಮ್ಮತಿಯೇ ಸಾಕೆಂದೂ ಸ್ಪಷ್ಟಪಡಿಸುತ್ತಾರೆ. ಕೈಯಲ್ಲಿ ಹಣವಿಲ್ಲದ ವರನ ಸಂಕಟವನ್ನು ಧರ್ಮಸಭೆ ಹನ್ನೊಂದು ಶತಮಾನಗಳ ಹಿಂದೆಯೇ ಅರಿತಿತ್ತು ಎಂಬುದು ನಮಗೆ ಸಮಾಧಾನ ತಂದ ಸಂಗತಿ.

1983ರ ಧರ್ಮಸಭಾ ಕಾನೂನು ಸಂಹಿತೆಯೂ ಇದೇ ಹಾದಿಯಲ್ಲಿದೆ. ಸಮ್ಮತಿಯೇ ವಿವಾಹವನ್ನು ಉಂಟುಮಾಡುತ್ತದೆ ಎನ್ನುತ್ತದೆ 1057ನೆಯ ವಿಧಿ. ನಿಶ್ಚಿತಾರ್ಥವಾಯಿತೆಂಬ ಒಂದೇ ಕಾರಣಕ್ಕೆ ಮದುವೆಯಾಗಲೇಬೇಕೆಂದು ದಾವೆ ಹೂಡುವಂತಿಲ್ಲ, ಮಾತು ಮುರಿದುದರಿಂದ ನಷ್ಟವಾಗಿದ್ದರೆ ಪರಿಹಾರವನ್ನು ಮಾತ್ರ ಕೇಳಬಹುದು ಎಂಬುದು 1062ನೆಯ ವಿಧಿಯ ಸಾರ. ಉಂಗುರ ಚಿಕ್ಕದಾದರೆ ಮಾತು ಸಡಿಲವಾಗದು, ದೊಡ್ಡದಾದರೆ ಬಿಗಿಯಾಗದು.

ಹಾಗಾದರೆ ವಜ್ರದ ಹಂಬಲ ಎಲ್ಲಿಂದ ಬಂತು? ಅದರ ಬಹುಪಾಲು ಬಂದುದು ಜಾಹೀರಾತಿನಿಂದ. ವಜ್ರವು ಶಾಶ್ವತವೆಂಬ ಪ್ರಸಿದ್ಧ ಘೋಷವಾಕ್ಯವನ್ನು ಡಿ ಬೀರ್ಸ್ ಕಂಪನಿಗಾಗಿ ಅಮೆರಿಕದ ಜಾಹೀರಾತು ಬರಹಗಾರ್ತಿ ಫ್ರಾನ್ಸಿಸ್ ಗೆರೆಟಿ ಬರೆದದ್ದು 1947ರಲ್ಲಿ. ಉಂಗುರಕ್ಕೆ ಎರಡು ತಿಂಗಳ ಸಂಬಳ ಮೀಸಲಿಡಬೇಕೆಂಬ ಮಾತನ್ನು ಅಮೆರಿಕದಲ್ಲಿ ಹರಡಿದ್ದೂ 1980ರ ದಶಕದ ಅದೇ ಕಂಪನಿಯ ಜಾಹೀರಾತುಗಳೇ. ಮಾರುವವನು ಹಾಕಿಕೊಟ್ಟ ಅಳತೆಯನ್ನು ನಾವು ಸಂಪ್ರದಾಯವೆಂದು ತಿಳಿದರೆ ತಪ್ಪು ನಮ್ಮದೇ.

ಅಂಗಡಿಯ ಲೆಕ್ಕ

ಎರಡು ದಿನ ಬಿಟ್ಟು ತರುಣ ಮರಳಿ ಬಂದ. ಸಾಲದ ಅರ್ಜಿ ಅವನ ಕೈಯಲ್ಲಿರಲಿಲ್ಲ. ಹುಡುಗಿ ಹೇಳಿದ್ದಿಷ್ಟೇ: "ನೀವು ಸಾಲ ಮಾಡಿ ಉಂಗುರ ತಂದರೆ ಅದರ ಕಂತು ಕಟ್ಟುವವರಲ್ಲಿ ನಾನೂ ಒಬ್ಬಳಲ್ಲವೇ? ನಮ್ಮ ಮೊದಲ ಮೂರು ವರ್ಷಗಳನ್ನು ಬೆರಳಿಗೆ ಹಾಕಿಕೊಂಡು ತಿರುಗಲು ನನಗೆ ಇಷ್ಟವಿಲ್ಲ." ಇನ್ನೂ ಒಂದು ಮಾತು ಸೇರಿಸಿದಳಂತೆ. ಆಸ್ಪತ್ರೆಯಲ್ಲಿ ಗಳಿಗೆಗೊಮ್ಮೆ ಕೈ ತೊಳೆದು ಕೈಗವಸು ತೊಡುವವಳಿಗೆ ಎತ್ತರಕ್ಕೆ ಹರಳು ಕೂರಿಸಿದ ಉಂಗುರ ಉಪದ್ರವವೇ ಹೊರತು ಅಲಂಕಾರವಲ್ಲವೆಂದು.

ಹೀಗಾಗಿ ನಾವೆಲ್ಲ ಸೇರಿ ಲೆಕ್ಕಕ್ಕೆ ಕುಳಿತೆವು. ಓದುಗರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಕೊಡುತ್ತೇವೆ. ಚಿನ್ನದ ದರ ದಿನದಿನವೂ ಬದಲಾಗುವುದರಿಂದ, ಸುಲಭಕ್ಕಾಗಿ 22 ಕ್ಯಾರೆಟ್ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೂರು ಗ್ರಾಮಿನ ಉಂಗುರಕ್ಕೆ ಚಿನ್ನದ ಬೆಲೆ 30,000. ಕುಸುರಿ ಕೆಲಸದ ಉಂಗುರಕ್ಕೆ ಶೇಕಡಾ 15 ಮಜೂರಿಯಾದರೆ 4,500. ಇದರ ಮೇಲೆ ಶೇಕಡಾ 3 ಜಿಎಸ್‌ಟಿ ಸೇರಿ ಒಟ್ಟು 35,535. ಅದೇ ತೂಕದ ನಯವಾದ ಸಾದಾ ಬಳೆಯುಂಗುರಕ್ಕೆ ಮಜೂರಿ ಶೇಕಡಾ 8 ಎಂದಾದರೆ ಒಟ್ಟು 33,372. ಚಿನ್ನ ಒಂದೇ, ತೂಕ ಒಂದೇ. ವ್ಯತ್ಯಾಸ 2,163 ರೂಪಾಯಿ. ಸಾದಾ ಉಂಗುರದ ತೂಕವನ್ನು ಎರಡು ಗ್ರಾಮಿಗೆ ಇಳಿಸಿದರೆ 22,248ಕ್ಕೆ ಮುಗಿಯುತ್ತದೆ. ಚೌಕಾಶಿಗೆ ಅವಕಾಶವಿರುವುದು ಮಜೂರಿಯಲ್ಲಿ. ಕೆಲವು ಅಂಗಡಿಗಳು ವೇಸ್ಟೇಜ್ ಎಂಬ ಹೆಸರಿನಲ್ಲಿ ಇನ್ನೊಂದು ಮೊತ್ತ ಸೇರಿಸುವುದುಂಟು. ಎರಡನ್ನೂ ಕೂಡಿಸಿ ಎಷ್ಟಾಗುತ್ತದೆಂದು ಮೊದಲೇ ಕೇಳಬೇಕು.

ಕ್ಯಾರೆಟ್ಟಿನಲ್ಲಿಯೂ ಉಳಿತಾಯವಿದೆ. 22 ಕ್ಯಾರೆಟ್ಟಿನಲ್ಲಿ ನೂರಕ್ಕೆ 91.6 ಪಾಲು ಚಿನ್ನ. 18 ಕ್ಯಾರೆಟ್ಟಿನಲ್ಲಿ 75 ಪಾಲು. ಮೇಲಿನ ದರದಲ್ಲಿಯೇ ನೋಡಿದರೆ 18 ಕ್ಯಾರೆಟ್ಟಿನ ಗ್ರಾಮಿಗೆ ಸುಮಾರು 8,190 ರೂಪಾಯಿ. ಮಿಶ್ರಲೋಹ ಹೆಚ್ಚಿರುವುದರಿಂದ ಇದು ಗಟ್ಟಿ. ದಿನನಿತ್ಯ ದುಡಿಯುವ ಕೈಗೆ ಒಪ್ಪುವಂಥದು. ಬಣ್ಣ ತುಸು ಮಂದ. ನಮ್ಮ ಹಿರಿಯರು ಇದನ್ನು ಚಿನ್ನವೆಂದೇ ಒಪ್ಪಲಾರರು ಎಂಬುದು ನಿಜ; ಆದರೆ ಉಂಗುರ ತೊಡುವವರು ಅವರಲ್ಲವಷ್ಟೆ.

ಹಾಲ್‌ಮಾರ್ಕಿನ ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. 2021ರ ಜೂನ್‌ನಿಂದ ಹಂತಹಂತವಾಗಿ ಇದು ಕಡ್ಡಾಯವಾಗಿದೆ. ಆಭರಣದ ಮೇಲೆ ಬಿಐಎಸ್ ಚಿಹ್ನೆ, 22ಕೆ916 ಎಂಬಂತೆ ಶುದ್ಧತೆಯ ಗುರುತು ಹಾಗೂ ಅಕ್ಷರ-ಅಂಕಿಗಳು ಬೆರೆತ ಆರು ಸ್ಥಾನಗಳ ಎಚ್‌ಯುಐಡಿ ಇರಬೇಕು. ಈ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ಕಡಿಮೆ ಹಣದವರು ವಿಶೇಷವಾಗಿ ಗಮನಿಸಬೇಕಾದ ಅಂಶ ಒಂದಿದೆ: ಎರಡು ಗ್ರಾಮಿಗಿಂತ ಕಡಿಮೆ ತೂಕದ ಆಭರಣಗಳಿಗೆ ಈ ಕಡ್ಡಾಯದಿಂದ ವಿನಾಯಿತಿಯಿದೆ. ಅಂದರೆ ಅತಿ ಹಗುರವಾದ ಉಂಗುರ ಕೊಳ್ಳುವವರಿಗೇ ರಕ್ಷಣೆ ಕಡಿಮೆ. ಸಾಧ್ಯವಾದರೆ ಎರಡು ಗ್ರಾಮನ್ನು ಮುಟ್ಟಿಸುವುದು ಲೇಸು. ಇಲ್ಲವಾದರೆ ಶುದ್ಧತೆ ಮತ್ತು ತೂಕವನ್ನು ಬರೆದ ರಸೀದಿಯನ್ನು ಬಿಡದೆ ಪಡೆಯಬೇಕು.

ಹರಳು ಬೇಕೇ ಬೇಕೆನ್ನುವವರು ಹರಳಿನ ತೂಕವನ್ನು ರಸೀದಿಯಲ್ಲಿ ಬೇರೆಯಾಗಿಯೇ ಬರೆಸಬೇಕು; ಕಲ್ಲಿಗೆ ಚಿನ್ನದ ದರ ತೆರುವಂತಾಗಬಾರದು. ಅಂಗಡಿಯಲ್ಲಿ ಅಮೆರಿಕನ್ ಡೈಮಂಡ್ ಎಂದು ಕರೆಯುವುದು ವಜ್ರವಲ್ಲ, ಜಿರ್ಕೋನಿಯಾ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಾದರೋ ನಿಜವಾದ ಇಂಗಾಲದ ಹರಳೇ. ಗಣಿಯ ವಜ್ರಕ್ಕಿಂತ ಬಹಳ ಅಗ್ಗ, ಆದರೆ ಮರುಮಾರಾಟದಲ್ಲಿ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಕಷ್ಟಕಾಲಕ್ಕೆ ಒದಗುವುದು ಚಿನ್ನದ ಭಾಗ ಮಾತ್ರ.

ತಾಯಿಯ ಪೆಟ್ಟಿಗೆ

ಲೆಕ್ಕ ಇಲ್ಲಿಗೆ ಬಂದಾಗ, ಅದುವರೆಗೆ ಸುಮ್ಮನೆ ಕೇಳುತ್ತಿದ್ದ ತರುಣನ ತಾಯಿ ಎದ್ದು ಒಳಗೆ ಹೋದರು. ಮರಳಿ ಬಂದಾಗ ಅವರ ಕೈಯಲ್ಲಿ ದಿವಂಗತ ಪತಿಯ ಮದುವೆಯ ಉಂಗುರವಿತ್ತು. "ಅವರ ಬೆರಳಿನಿಂದ ತೆಗೆದ ಮೇಲೆ ಇದು ಯಾರ ಉಪಯೋಗಕ್ಕೂ ಬಂದಿಲ್ಲ. ನನ್ನ ಮುದಿ ನನ್ನಲ್ಲೇ ಇರಲಿ. ಇದನ್ನು ಮಕ್ಕಳು ತೊಡಲಿ" ಎಂದರು.

ಉಂಗುರ ಸರಿಯಾಗಿ ಆರು ಗ್ರಾಂ ತೂಗಿತು. ಹಾಲ್‌ಮಾರ್ಕ್ ಇಲ್ಲದ ಕಾಲದ್ದು. ಹಳೆಯ ಚಿನ್ನವನ್ನು ಒಂದೇ ಅಂಗಡಿಯ ಮಾತಿಗೆ ಕೊಡಬಾರದೆಂದು ಎರಡು ಕಡೆ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದೆವು. ಎರಡೂ ಕಡೆ ಬಂದುದು 20 ಕ್ಯಾರೆಟ್. ಆರು ಗ್ರಾಮಿನಲ್ಲಿ ಅಪರಂಜಿ ಐದು ಗ್ರಾಂ. 22 ಕ್ಯಾರೆಟ್ಟಿಗೆ ಪರಿವರ್ತಿಸಿದರೆ ಐದೂವರೆ ಗ್ರಾಮಿಗೆ ತುಸು ಕಡಿಮೆ. ಕರಗಿಸುವಾಗಿನ ಸವಕಳಿ ಕಳೆದು, ಅವನಿಗೆ ಮೂರು ಗ್ರಾಮಿನದೂ ಅವಳಿಗೆ ಎರಡೂಕಾಲು ಗ್ರಾಮಿನದೂ ಎರಡು ಸಾದಾ ಉಂಗುರಗಳಾದವು. ಕೈಯಿಂದ ಕೊಟ್ಟದ್ದು ಮಜೂರಿ, ತೆರಿಗೆ, ಹಾಲ್‌ಮಾರ್ಕ್ ಶುಲ್ಕವನ್ನು ಮಾತ್ರ. ಕರಗಿಸುವ ಮುನ್ನ ಅಕ್ಕಸಾಲಿಗರು ತಾಯಿಯನ್ನು ಇನ್ನೊಮ್ಮೆ ಕೇಳಿದರು. ಅವರು ತಲೆಯಾಡಿಸಿ ಹೊರಗೆ ಬೀದಿಯ ಕಡೆಗೆ ಮುಖ ಮಾಡಿ ನಿಂತರು. ಆ ಕ್ಷಣದ ಬೆಲೆಯನ್ನು ಯಾವ ತಕ್ಕಡಿಯೂ ತೂಗದು.

ಎಲ್ಲರ ಮನೆಯಲ್ಲಿಯೂ ಹಳೆಯ ಉಂಗುರವಿರುವುದಿಲ್ಲ ಎಂಬುದನ್ನು ನಾವು ಬಲ್ಲೆವು. ಅಂಥವರಿಗೂ ದಾರಿಯಿದೆ. ನಿಶ್ಚಿತಾರ್ಥಕ್ಕೊಂದು, ಮದುವೆಗೊಂದು ಎಂದು ಎರಡು ಜೊತೆ ಉಂಗುರ ಬೇಕೆಂಬ ನಿಯಮವಿಲ್ಲ. ನಿಶ್ಚಿತಾರ್ಥದ ಉಂಗುರಗಳನ್ನೇ ವಿವಾಹ ಸಂಸ್ಕಾರದಲ್ಲಿ ಆಶೀರ್ವದಿಸಿ ತೊಡಿಸಬಹುದು. ಗುರುಗಳೊಡನೆ ಮುಂಚಿತವಾಗಿ ಮಾತನಾಡಿದರಾಯಿತು. ಬೆಳ್ಳಿಯ ಉಂಗುರದಿಂದ ಆರಂಭಿಸಿ ಕೈಯಲ್ಲಿ ಹಣ ಕೂಡಿದಾಗ ಚಿನ್ನದ್ದು ಮಾಡಿಸಿದರೂ ಕೊರತೆಯಿಲ್ಲ. ಬೆರಳಿನ ಅಳತೆಯನ್ನು ಕೈ ತಣ್ಣಗಿರುವ ಮುಂಜಾನೆಗಿಂತ ಸಂಜೆ ಕೊಡುವುದು ಒಳ್ಳೆಯದು. ಇನ್ನು ವರನಿಗೆ ಇಷ್ಟು ತೂಕದ ಉಂಗುರ ಬೇಕೆಂದು ಹೆಣ್ಣಿನ ಮನೆಯವರನ್ನು ಕೇಳುವವರಿಗೆ 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನು ನೆನಪಿಸಬೇಕಾಗುತ್ತದೆ.

ನಿಶ್ಚಿತಾರ್ಥದ ದಿನ ನಾವೂ ಹೋಗಿದ್ದೆವು. ಪ್ರಾರ್ಥನೆ ಮುಗಿದು ಉಂಗುರಗಳು ಬದಲಾದವು. ಊಟದ ಹೊತ್ತಿಗೆ ಬಂಧುಗಳೊಬ್ಬರು ಹುಡುಗಿಯ ಕೈ ಹಿಡಿದು ನೋಡಿ, "ಎಷ್ಟು ಗ್ರಾಮಿನದು?" ಎಂದು ಕೇಳಿಯೇ ಬಿಟ್ಟರು. ತರುಣನ ಮುಖ ಕೆಂಪಾಯಿತು. ಹುಡುಗಿ ಮಾತ್ರ ನಸುನಕ್ಕು, "ಎರಡೂಕಾಲು, ಆಂಟಿ. ಮಾವನವರ ಉಂಗುರದ್ದು" ಎಂದಳು. ಪಕ್ಕದಲ್ಲಿ ಕುಳಿತಿದ್ದ ಅಕ್ಕ ತನ್ನ ವಜ್ರದ ಉಂಗುರದ ಕೈಯನ್ನು ಚಾಚಿ ತಂಗಿಯ ಬೆರಳನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಈ ಹಂಗಾಮಿನಲ್ಲಿ ಉಂಗುರದಂಗಡಿಯ ಮೆಟ್ಟಿಲು ಹತ್ತಲಿರುವ ಎಲ್ಲ ಜೋಡಿಗಳಿಗೂ ನಮ್ಮ ಹಾರೈಕೆಗಳು. ಹತ್ತುವ ಮುನ್ನ ಇಬ್ಬರೂ ಒಟ್ಟಿಗೆ ಕುಳಿತು ಒಂದು ಕಾಗದದ ಮೇಲೆ ಲೆಕ್ಕ ಬರೆಯಲಿ. ಮುಂದೆ ಜೊತೆಯಾಗಿ ಬರೆಯಬೇಕಾದ ಲೆಕ್ಕಗಳು ಬೇಕಾದಷ್ಟಿವೆ, ಇದು ಮೊದಲನೆಯದು.