ಸ್ಕಾಟ್ಲೆಂಡ್ ಸುತ್ತುವವರಿಗೆ ಸೂರು ಎಲ್ಲಿ, ಊಟ ಎಲ್ಲಿ?

ಕನ್ನಡದಲ್ಲಿ ‘ಹೋಟೆಲು’ ಎಂದೊಡನೆ ನೆನಪಾಗುವುದು ಕಾಫಿ, ತಿಂಡಿ. ರಾತ್ರಿ ತಂಗುವ ಕೋಣೆಗೆ ನಾವು ‘ಲಾಡ್ಜು’ ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ‘ಹೋಟೆಲ್’ ಎಂಬ ಹಲಗೆ ಕಂಡರೆ ಎರಡು ಅರ್ಥಗಳೂ ಸರಿ. ಅದು ಪ್ರವಾಸಿಗೆ ಕೋಣೆ ಕೊಡುವ ಮನೆ, ಹಲವೆಡೆ ಊರಿನ ಏಕೈಕ ಊಟದ ಮನೆ, ಸಂಜೆಯಾದರೆ ಊರವರೆಲ್ಲ ಸೇರುವ ಪಾನಗೃಹ. ಮೂರೂ ಒಂದೇ ಸೂರಿನಡಿ ಹೀಗೆ ಕೂಡಿಕೊಂಡಿರುವುದಕ್ಕೆ ಕಾರಣಗಳಿವೆ. ಆ ದೇಶದ ಒಂದೊಂದು ಬಗೆಯ ತಂಗುದಾಣವೂ ಒಂದೊಂದು ಕಾಲದ ಪ್ರಯಾಣಿಕನಿಗಾಗಿ ಹುಟ್ಟಿದ್ದು. ಯಾವುದು ಯಾರಿಗಾಗಿ ಹುಟ್ಟಿತೆಂಬುದನ್ನು ತಿಳಿದರೆ, ನಮಗೆ ಯಾವುದು ಒಗ್ಗುತ್ತದೆ ಎಂಬುದನ್ನು ನಕ್ಷತ್ರಗಳ ಎಣಿಕೆಗಿಂತ ಚೆನ್ನಾಗಿ ನಿರ್ಧರಿಸಬಹುದು.

ಇನ್ನೂರೈವತ್ತು ವರ್ಷಗಳ ಹಿಂದೆ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಅರವತ್ತು ದಾಟಿದ ವಯಸ್ಸಿನಲ್ಲಿ, 1773ರಲ್ಲಿ, ಗೆಳೆಯ ಜೇಮ್ಸ್ ಬಾಸ್ವೆಲ್ ಜೊತೆಗೆ ಉತ್ತರದ ಬೆಟ್ಟಸೀಮೆಯಾದ ಹೈಲೆಂಡ್ಸನ್ನೂ ಪಶ್ಚಿಮದ ದ್ವೀಪಗಳನ್ನೂ ಸುತ್ತಿದರು. ಸ್ಕೈ ದ್ವೀಪಕ್ಕೆ ದಾಟುವ ಮುನ್ನ ಗ್ಲೆನೆಲ್ಗ್ ಎಂಬಲ್ಲಿ ಅವರು ಇಳಿದುಕೊಂಡ ತಂಗುಮನೆಯಲ್ಲಿ ಹಾಲಾಗಲಿ, ಬ್ರೆಡ್ಡಾಗಲಿ, ಮೊಟ್ಟೆಯಾಗಲಿ ಇರಲಿಲ್ಲ. ಜಾನ್ಸನ್ ತಮ್ಮ ಕೋಟನ್ನೇ ಹೊದ್ದು ಒಣಹುಲ್ಲಿನ ಮೇಲೆ ಮಲಗಿದರು. ಮುಂದೆ ರಾಸೆ, ಡನ್‌ವೆಗನ್‌ಗಳಲ್ಲಿ ಕುಲನಾಯಕರ ಮನೆಗಳು ಅವರನ್ನು ಆದರದಿಂದ ಬರಮಾಡಿಕೊಂಡವು. ಬಂದವರನ್ನು ಮನೆಗೇ ಕರೆದು ಉಣಿಸುವ ನಾಡಿನಲ್ಲಿ ಹಣ ಪಡೆದು ಉಣಿಸುವ ಮನೆಗಳಿಗೆ ಹೆಚ್ಚು ಕೆಲಸವಿರಲಿಲ್ಲ.

ಸೈನಿಕರು, ದನಗಾಹಿಗಳು

ಆಗ ಇದ್ದ ಅಷ್ಟಿಷ್ಟು ತಂಗುಮನೆಗಳು ಇಬ್ಬರ ಹೆಜ್ಜೆಯ ಗುರುತಿನಲ್ಲಿ ಬೆಳೆದವು. ಒಬ್ಬ ಸೈನಿಕ. 1715ರ ಬಂಡಾಯದ ನಂತರ ಹೈಲೆಂಡ್ಸನ್ನು ಹತೋಟಿಗೆ ತರಲು ಜನರಲ್ ವೇಡ್ 1725ರಿಂದ ಅಲ್ಲಿ ಸೈನ್ಯದ ರಸ್ತೆಗಳನ್ನು ಕಟ್ಟಿಸತೊಡಗಿದರು. ಆ ದಾರಿಗಳಲ್ಲಿ ಅಲ್ಲಲ್ಲಿ ಎದ್ದ ‘ಕಿಂಗ್ಸ್‌ಹೌಸ್’ಗಳು, ಅಂದರೆ ರಾಜನ ಮನೆಗಳು, ಕ್ರಮೇಣ ದಾರಿಹೋಕರ ತಂಗುದಾಣಗಳಾದವು. ಗ್ಲೆನ್‌ಕೊ ಕಣಿವೆಯ ಬಳಿಯ ಹೋಟೆಲೊಂದು ಇಂದಿಗೂ ಅದೇ ಹೆಸರಿನಲ್ಲಿದೆ. ಇನ್ನೊಬ್ಬ, ದ್ವೀಪಗಳಿಂದಲೂ ಬೆಟ್ಟಗಳಿಂದಲೂ ಕಪ್ಪು ದನಗಳ ಹಿಂಡನ್ನು ಕ್ರೀಫ್ ಮತ್ತು ಫಾಲ್ಕರ್ಕ್ ಸಂತೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದ ದನಗಾಹಿ. ಅವನ ಚೀಲದಲ್ಲಿ ಓಟ್ಸ್ ಹಿಟ್ಟು, ಹೊದಿಕೆಯಾಗಿ ಅವನದೇ ಕಂಬಳಿ. ಲಾಕ್ ಲೋಮಂಡ್ ಸರೋವರದ ಉತ್ತರಕ್ಕೆ ‘ಡ್ರೋವರ್ಸ್ ಇನ್’ ಎಂದು ಅವನ ಹೆಸರನ್ನೇ ಹೊತ್ತ ಹಳೆಯ ತಂಗುಮನೆಯಿದೆ. ಇಂಥ ಕಡೆ ಕೋಣೆ ಚಿಕ್ಕದು, ಮೆಟ್ಟಿಲು ಕಿರಿದು, ಕೆಳಗಿನ ಪಾನಗೃಹದ ಸದ್ದು ಮೇಲಿನವರೆಗೂ ಬರಬಹುದು. ಆದರೆ ದಾರಿಯಲ್ಲಿ ನೆನೆದು ಬಂದವನಿಗೆ ಬೆಂಕಿಗೂಡೂ ಬಿಸಿ ಸೂಪೂ ಸಿಗುವುದು ಇಲ್ಲಿಯೇ.

ಪ್ರವಾಸವನ್ನೇ ಉದ್ದೇಶವಾಗಿ ಇಟ್ಟುಕೊಂಡು ಜನ ದಂಡಾಗಿ ಬಂದದ್ದು ಆ ಮೇಲೆ. ವಾಲ್ಟರ್ ಸ್ಕಾಟ್ 1810ರಲ್ಲಿ ಪ್ರಕಟಿಸಿದ ‘ದ ಲೇಡಿ ಆಫ್ ದ ಲೇಕ್’ ಕಾವ್ಯವನ್ನು ಓದಿದವರು ಅದರಲ್ಲಿ ಬರುವ ಲಾಕ್ ಕ್ಯಾಟ್ರಿನ್ ಸರೋವರವನ್ನು ಹುಡುಕಿಕೊಂಡು ಬಂದರು. ವಿಕ್ಟೋರಿಯಾ ರಾಣಿ 1842ರಲ್ಲಿ ಮೊದಲ ಬಾರಿ ಸ್ಕಾಟ್ಲೆಂಡಿಗೆ ಬಂದು, ಹತ್ತು ವರ್ಷಗಳ ನಂತರ ಬಾಲ್ಮೊರಲ್ ಎಸ್ಟೇಟು ರಾಜಮನೆತನದ ಪಾಲಾದಾಗ ಬೆಟ್ಟಸೀಮೆಯ ವಾಸ ಸಿರಿವಂತರ ಫ್ಯಾಷನ್ ಆಯಿತು. ಥಾಮಸ್ ಕುಕ್ 1846ರಲ್ಲಿ ತಮ್ಮ ಮೊದಲ ಸ್ಕಾಟ್ಲೆಂಡ್ ಪ್ರವಾಸವನ್ನು ನಡೆಸಿದರು. ರೈಲು 1894ರಲ್ಲಿ ಫೋರ್ಟ್ ವಿಲಿಯಂ ತಲುಪಿತು, 1901ರಲ್ಲಿ ಕಡಲ ತೀರದ ಮಲ್ಲೇಗ್ ಮುಟ್ಟಿತು. ರೈಲ್ವೆ ಕಂಪೆನಿಗಳು ನಿಲ್ದಾಣಗಳ ಪಕ್ಕದಲ್ಲೇ ಅರಮನೆಯಂಥ ಹೋಟೆಲುಗಳನ್ನು ಕಟ್ಟಿದವು. ಎಡಿನ್‌ಬರೊ ನಿಲ್ದಾಣದ ಮೇಲೆ 1902ರಲ್ಲಿ ತೆರೆದ ನಾರ್ತ್ ಬ್ರಿಟಿಷ್ ಹೋಟೆಲಿಗೆ ಇಂದು ಬಾಲ್ಮೊರಲ್ ಎಂಬ ಹೆಸರಿದೆ. ಪ್ರಯಾಣಿಕರಿಗೆ ರೈಲು ತಪ್ಪದಿರಲಿ ಎಂದು ಅದರ ಗಡಿಯಾರವನ್ನು ಮೂರು ನಿಮಿಷ ಮುಂದೆ ಇಡುವ ಪದ್ಧತಿ ಇದೆ. ಇಂಥ ಹೋಟೆಲುಗಳ ಬಾಡಿಗೆ ಬಹುಪಾಲು ಜನರ ಜೇಬಿಗೆ ಒಗ್ಗದು. ಹೊರಗೆ ನಿಂತು ನೋಡಿದರೂ ಒಂದು ಕಾಲದ ವೈಭವ ತಿಳಿಯುತ್ತದೆ.

ಜೇಬು ಹಗುರವಾದವರಿಗೆ ಇಪ್ಪತ್ತನೆಯ ಶತಮಾನ ಬೇರೆ ಬಾಗಿಲುಗಳನ್ನು ತೆರೆಯಿತು. ಗ್ಲಾಸ್ಗೊದಂಥ ಕಾರ್ಖಾನೆ ನಗರಗಳ ದುಡಿಯುವ ಯುವಕ ಯುವತಿಯರು ರಜೆಯಲ್ಲಿ ಬೆಟ್ಟ ಹತ್ತಲು ಹೊರಟ ಕಾಲದಲ್ಲಿ, 1931ರಲ್ಲಿ, ಸ್ಕಾಟಿಷ್ ಯೂತ್ ಹಾಸ್ಟೆಲ್ ಸಂಘ ಹುಟ್ಟಿತು. ಅದರ ಹಾಸ್ಟೆಲುಗಳಲ್ಲಿ ವಯಸ್ಸಿನ ಮಿತಿಯಿಲ್ಲ. ಅತಿಥಿಗಳೇ ಅಡುಗೆ ಮಾಡಿಕೊಳ್ಳುವ ಸೌಕರ್ಯ ಸಾಮಾನ್ಯವಾಗಿ ಇರುವುದರಿಂದ ಅಕ್ಕಿ, ಬೇಳೆ ಒಯ್ಯುವ ಭಾರತೀಯ ಕುಟುಂಬಕ್ಕೆ ಇದಕ್ಕಿಂತ ಅನುಕೂಲದ ಜಾಗ ಕಡಿಮೆ. ಇನ್ನೂ ಗಟ್ಟಿಗರಿಗೆ ಬೆಟ್ಟಗಳ ನಡುವಿನ ‘ಬಾತಿ’ಗಳಿವೆ. ಇವು ಹಿಂದೆ ಕುರುಬರೋ ತೋಟಿಗರೋ ಇದ್ದು ಬಿಟ್ಟುಹೋದ ಕಲ್ಲಿನ ಮನೆಗಳು. 1965ರಲ್ಲಿ ಆರಂಭವಾದ ಸ್ವಯಂಸೇವಕರ ಸಂಘವೊಂದು ಇಂಥ ಸುಮಾರು ನೂರು ಮನೆಗಳನ್ನು ನೋಡಿಕೊಳ್ಳುತ್ತದೆ. ಬಾಡಿಗೆ ಇಲ್ಲ, ಬೀಗವಿಲ್ಲ. ಹಾಗೆಯೇ ನಲ್ಲಿಯೂ ಇಲ್ಲ, ವಿದ್ಯುತ್ತೂ ಇಲ್ಲ. 2003ರ ಭೂಸುಧಾರಣಾ ಕಾಯಿದೆ, ಕೆಲವು ಕಡೆಗಳನ್ನು ಬಿಟ್ಟು, ಯಾರದೇ ಬಯಲಿನಲ್ಲಿ ಜವಾಬ್ದಾರಿಯಿಂದ ಓಡಾಡುವ, ಗುಡಾರ ಹಾಕುವ ಹಕ್ಕನ್ನು ಕೊಟ್ಟಿದೆ. ಆದರೆ ಲಾಕ್ ಲೋಮಂಡ್ ಸುತ್ತಿನ ಕೆಲವು ದಡಗಳಲ್ಲಿ ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಪರವಾನಗಿ ಬೇಕು. ಬೇಸಿಗೆಯಲ್ಲಿ ‘ಮಿಜ್’ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಕಾಟವನ್ನೂ ಗುಡಾರದವರು ಲೆಕ್ಕಕ್ಕೆ ಹಿಡಿಯಬೇಕು.

ಯಾರ ಮನೆಯಲ್ಲಿ ಮಲಗುತ್ತೇವೆ?

ಇವೆಲ್ಲದರ ನಡುವೆ ಪ್ರವಾಸಿ ಗಮನವಿಟ್ಟು ಆರಿಸಬೇಕಾದದ್ದು ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’, ಅಂದರೆ ಹಾಸಿಗೆ ಮತ್ತು ಬೆಳಗಿನ ತಿಂಡಿ ಕೊಡುವ ಮನೆ. ಹೈಲೆಂಡ್ಸಿನ ಸಣ್ಣ ಹಿಡುವಳಿಗೆ ‘ಕ್ರಾಫ್ಟ್’ ಎಂದು ಹೆಸರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಕುರಿಸಾಕಣೆಗಾಗಿ ಭೂಮಾಲೀಕರು ಸಾವಿರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಉಳಿದ ಗೇಣಿದಾರರು ಹೋರಾಡಿ 1886ರ ಕಾಯಿದೆಯಿಂದ ತಮ್ಮ ಹಿಡುವಳಿಗಳನ್ನು ಭದ್ರಪಡಿಸಿಕೊಂಡರು. ಆದರೆ ಆ ತುಂಡು ಭೂಮಿಯಿಂದ ಮಾತ್ರವೇ ಹೊಟ್ಟೆ ತುಂಬುತ್ತಿರಲಿಲ್ಲ. ಮೀನುಗಾರಿಕೆ, ನೇಯ್ಗೆಗಳಂತೆ ಪ್ರವಾಸಿಗೆ ಕೋಣೆ ಕೊಡುವುದೂ ಒಂದು ಉಪಕಸುಬಾಯಿತು. ಅಂಥ ಮನೆಯಲ್ಲಿ ತಂಗಿದರೆ ಬಾಡಿಗೆ ಆ ಊರಿನಲ್ಲೇ ಉಳಿಯುತ್ತದೆ. ಯಾವ ದಾರಿಯಲ್ಲಿ ಕುರಿಗಳು ಅಡ್ಡ ಬರುತ್ತವೆ, ಯಾವ ಅಂಗಡಿ ಎಂದು ಮುಚ್ಚುತ್ತದೆ ಎಂಬ ಸುದ್ದಿಯೂ ತಿಂಡಿಯ ಜೊತೆಗೆ ಸಿಗುತ್ತದೆ.

ಇದಕ್ಕೆ ಇನ್ನೊಂದು ಮುಖವಿದೆ. ಸ್ಕೈಯಂಥ ದ್ವೀಪಕ್ಕೆ 1995ರಲ್ಲಿ ಸೇತುವೆಯಾಯಿತು. 2015ರಲ್ಲಿ ಉತ್ತರ ತೀರದ ಸುಮಾರು 830 ಕಿಲೊಮೀಟರ್ ಸುತ್ತುದಾರಿಗೆ ‘ನಾರ್ತ್ ಕೋಸ್ಟ್ 500’ ಎಂಬ ಹೆಸರಿಟ್ಟು ಪ್ರಚಾರ ಕೊಡಲಾಯಿತು. ಬಂದವರ ಸಂಖ್ಯೆ ಹೆಚ್ಚಿದಂತೆ, ಹೊರಗಿನವರು ಕೊಂಡು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಇಡೀ ಮನೆಗಳೂ ಹೆಚ್ಚಿದವು. ಊರಿನ ಶಿಕ್ಷಕಿಗೋ ಅಡುಗೆಯವನಿಗೋ ವರ್ಷವಿಡೀ ಇರಲು ಮನೆ ಸಿಗದಂತಾಯಿತು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ಮೇಲೆ ಯೂರೋಪಿನ ಕೆಲಸಗಾರರೂ ಕಡಿಮೆಯಾದರು. ಕೋಣೆ ಸಿಕ್ಕರೂ ಹತ್ತಿರದ ಊಟದ ಮನೆ ವಾರದಲ್ಲಿ ಎರಡು ದಿನ ಬಾಗಿಲು ಹಾಕಿರುವುದಕ್ಕೆ ಇದೂ ಒಂದು ಕಾರಣ. ಈಗ ಇಂಥ ಅಲ್ಪಾವಧಿ ಬಾಡಿಗೆಗೆ ಸ್ಥಳೀಯ ಆಡಳಿತದ ಪರವಾನಗಿ ಕಡ್ಡಾಯ. ಹಿಂದಿನಿಂದ ನಡೆಸುತ್ತಿದ್ದವರಿಗೂ ಅರ್ಜಿ ಹಾಕಲು 2023ರ ಅಕ್ಟೋಬರ್ 1 ಕೊನೆಯ ದಿನವಾಗಿತ್ತು. ಜಾಹೀರಾತಿನಲ್ಲಿ ಪರವಾನಗಿಯ ಸಂಖ್ಯೆ ಇದೆಯೇ, ಮನೆಯವರು ಅಲ್ಲೇ ಇರುತ್ತಾರೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ. ಎಡಿನ್‌ಬರೊದಲ್ಲಿ 2026ರ ಜುಲೈ 24ರಿಂದ ಮೊದಲ ಐದು ರಾತ್ರಿಗಳ ಬಾಡಿಗೆಯ ಮೇಲೆ ಶೇಕಡ 5ರ ಪ್ರವಾಸಿ ತೆರಿಗೆಯೂ ಗೊತ್ತಾಗಿದೆ. 1947ರಿಂದ ನಡೆದುಬಂದ ಕಲೋತ್ಸವದ ಆಗಸ್ಟ್ ತಿಂಗಳಲ್ಲಿ ಆ ನಗರದ ಬಾಡಿಗೆ ಗಗನಕ್ಕೇರುತ್ತದೆ. ಉತ್ಸವ ಬೇಡವೆನ್ನುವವರು ಆ ತಿಂಗಳನ್ನು ಬಿಡುವುದೇ ಲೇಸು.

ಓಟ್ಸ್, ಮೀನು, ಭಾನುವಾರ

ಇನ್ನು ಊಟ. ಗೋಧಿಗೆ ಒಗ್ಗದ ತಂಪು ನೆಲದಲ್ಲಿ ಓಟ್ಸ್ ಬೆಳೆಯಿತು. ಉಪ್ಪು ಹಾಕಿದ ಅದರ ಅಂಬಲಿ ಬೆಳಗಿನ ತಿಂಡಿಯಲ್ಲಿ ಇಂದಿಗೂ ಇದೆ. ರಾಷ್ಟ್ರೀಯ ಖಾದ್ಯವೆನಿಸಿದ ‘ಹ್ಯಾಗಿಸ್’ ಎಂದರೆ ಕುರಿಯ ಹೃದಯ, ಈಲಿ, ಶ್ವಾಸಕೋಶಗಳನ್ನು ಓಟ್ಸ್, ಈರುಳ್ಳಿ, ಮಸಾಲೆಯೊಡನೆ ಬೇಯಿಸಿದ್ದು. ಬೆಲೆಬಾಳುವ ಮಾಂಸ ಮಾರಾಟಕ್ಕೆ ಹೋದರೆ ಮನೆಗೆ ಉಳಿಯುತ್ತಿದ್ದುದರಿಂದ ಮಾಡಿದ ಅಡುಗೆ ಅದು. ಬೇಳೆಕಾಳುಗಳ ಸಸ್ಯಾಹಾರಿ ಹ್ಯಾಗಿಸ್ 1984ರಿಂದ ಮಾರುಕಟ್ಟೆಯಲ್ಲಿದೆ. ಬಹಳ ಊರುಗಳಲ್ಲಿ ಸಸ್ಯಾಹಾರಿಗೆ ಸಿಗುವ ಗಟ್ಟಿ ಊಟ ಇದೇ. ಮೀನು ತಿನ್ನುವವರು ಊರಿನ ಹೆಸರು ಹಿಡಿದು ಹೋದರೆ ಸಾಕು. ಆರ್‌ಬ್ರೋತ್‌ನಲ್ಲಿ ಹೊಗೆಯಲ್ಲಿ ಬೆಂದ ಹ್ಯಾಡಕ್ ಮೀನು, ಕಲನ್ ಎಂಬ ಕಡಲೂರಿನ ಹೆಸರಿನಲ್ಲಿ ಹೊಗೆ ಹಿಡಿಸಿದ ಮೀನು, ಆಲೂಗಡ್ಡೆ, ಹಾಲಿನ ಗಟ್ಟಿ ಸೂಪು. ಪಶ್ಚಿಮ ತೀರದ ಸಿಗಡಿಗಳ ಬಹುಪಾಲು ಸ್ಪೇನ್, ಫ್ರಾನ್ಸ್‌ಗಳಿಗೆ ಹೋಗುತ್ತದೆ. ಓಬನ್‌ನಂಥ ಬಂದರಿನ ಕಟ್ಟೆಯ ಮೇಲೆ ಗೂಡಂಗಡಿಯಲ್ಲಿ ತಿಂದರೆ ದೊಡ್ಡ ಊಟದ ಮನೆಗಿಂತ ತಾಜಾ, ಬೆಲೆಯೂ ಕಡಿಮೆ. ಗ್ಲಾಸ್ಗೊದಲ್ಲಿ ಪಂಜಾಬಿನ ಮೂಲದವರ ಊಟದ ಮನೆಗಳು ದಶಕಗಳಿಂದ ನಗರದ ಬದುಕಿನ ಭಾಗವೇ ಆಗಿವೆ.

ಎಲ್ಲಿ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಎಂಬುದು ಹಳ್ಳಿಗಳಲ್ಲಿ ಮುಖ್ಯ. ಅನೇಕ ಕಡೆ ರಾತ್ರಿ ಎಂಟು, ಎಂಟೂವರೆಗೆ ಅಡುಗೆಮನೆ ಮುಚ್ಚುತ್ತದೆ; ಚಳಿಗಾಲದಲ್ಲಿ ಕೆಲವು ಮನೆಗಳು ಬಾಗಿಲನ್ನೇ ತೆರೆಯುವುದಿಲ್ಲ. ಭಾನುವಾರದ ಕಥೆ ಬೇರೆ. 1853ರ ಕಾಯಿದೆ ಪಾನಗೃಹಗಳನ್ನು ಭಾನುವಾರ ಮುಚ್ಚಿಸಿ, ನಿಜವಾದ ಪ್ರಯಾಣಿಕರಿಗೆ ಮಾತ್ರ ಮದ್ಯ ಕೊಡಲು ಹೋಟೆಲುಗಳಿಗೆ ಅವಕಾಶವಿತ್ತಿತು. ಬಾಯಾರಿದವರು ಪಕ್ಕದೂರಿಗೆ ‘ಪ್ರಯಾಣ’ ಮಾಡಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಪಾನಗೃಹ, ಊಟ, ಕೋಣೆ ಒಂದೇ ಕಡೆ ಸೇರಿದ್ದಕ್ಕೆ ಈ ಕಾಯಿದೆಯೂ ಒತ್ತಾಸೆಯಾಯಿತು. 1976ರ ಕಾಯಿದೆಯ ನಂತರವೇ ಪಾನಗೃಹಗಳು ಭಾನುವಾರ ತೆರೆದವು. ಲೂಯಿಸ್ ದ್ವೀಪದಲ್ಲಿ ಮಾತ್ರ ಈ ಆಚರಣೆ ಇನ್ನೂ ಬಲವಾಗಿದೆ. ಅಲ್ಲಿನ ಸ್ಟಾರ್ನೊವೆ ಊರಿಗೆ ಭಾನುವಾರದ ಹಡಗು ಆರಂಭವಾದದ್ದೇ 2009ರಲ್ಲಿ. ನಮ್ಮ ಇತಿಹಾಸಕಾರರು ಆಧರಿಸುವ ಕೈಫಿಯತ್ತುಗಳನ್ನು ಸಂಗ್ರಹಿಸಿದ, ಮೈಸೂರು ಸೀಮೆಯನ್ನು ಮೋಜಣಿ ಮಾಡಿದ ಕಾಲಿನ್ ಮೆಕೆಂಜಿ ಹುಟ್ಟಿದ ಊರು ಅದು. ನೋಡಹೋಗುವ ಕನ್ನಡಿಗರು ಶನಿವಾರವೇ ಬ್ರೆಡ್ಡು, ಹಾಲು ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.

ಒಟ್ಟಿನಲ್ಲಿ, ದಿನಕ್ಕೊಂದು ಊರಿನಲ್ಲಿ ಇಳಿಯುವ ಬದಲು ಎರಡೋ ಮೂರೋ ಕಡೆ ಮೂರು ಮೂರು ರಾತ್ರಿ ನಿಲ್ಲುವುದು ಲೇಸು. ಒಂಟಿ ಜಾಡಿನ ರಸ್ತೆಗಳಲ್ಲಿ ಐವತ್ತು ಕಿಲೊಮೀಟರ್ ಎಂದರೂ ಒಂದೂವರೆ ಗಂಟೆ ಹಿಡಿಯಬಹುದು. ದ್ವೀಪಗಳಿಗೆ ಹೋಗುವುದಾದರೆ ಮೊದಲು ಹಡಗು, ಆಮೇಲೆ ಕೋಣೆ ಗೊತ್ತು ಮಾಡಬೇಕು. ಜಾನ್ಸನ್ನರ ಕಾಲದಲ್ಲಿ ಹುಲ್ಲಿನ ಹಾಸಿಗೆಗೆ ಬಡತನ ಕಾರಣವಾಗಿತ್ತು. ಇಂದು ಮೆತ್ತನೆಯ ಹಾಸಿಗೆಯೇ ಊರಿನವನ ಮನೆಯನ್ನು ಕಸಿದುಕೊಳ್ಳಬಲ್ಲದು. ಊರಿನವರ ಮನೆಯಲ್ಲಿ ಮಲಗಿ, ಊರಿನ ಕಡಲಲ್ಲಿ ಹಿಡಿದದ್ದನ್ನೂ ಊರಿನ ಹೊಲದಲ್ಲಿ ಬೆಳೆದದ್ದನ್ನೂ ಉಣ್ಣುವ ಪ್ರವಾಸಿಗೆ ಖರ್ಚು ಹೆಚ್ಚೇನೂ ಆಗುವುದಿಲ್ಲ. ಮುಂದಿನ ವರ್ಷ ಬರುವವರಿಗೂ ಅಲ್ಲಿ ಬಾಗಿಲು ತೆರೆಯಲು ಒಬ್ಬರು ಇರಬೇಕಾದರೆ ಇದೇ ದಾರಿ.