ಲಿಬೆರ್ದಾಜಿ : ಒಂದು ನೆಲ, ಹಲವು ನೆನಪು

ಊರು-ಕೇರಿಗಳ ಹೆಸರು ಕೇವಲ ಗುರುತಿಗಾಗಿ ಇಟ್ಟ ಶಬ್ದವಲ್ಲ. ಆ ನೆಲದಲ್ಲಿ ಬಾಳಿ ಅಳಿದವರ ಸುಖದುಃಖಗಳು ಅದರಲ್ಲಿ ಅಡಗಿರುತ್ತವೆ. ಹೆಸರು ಉಳಿದು ಅದರ ಕಾರಣ ಮರೆತುಹೋದಾಗ ಆ ಜನರೂ ಮರೆತುಹೋಗುತ್ತಾರೆ. ಈ ಮಾತಿಗೆ ದಕ್ಷಿಣ ಅಮೆರಿಕೆಯ ಬ್ರೆಜಿಲ್ ದೇಶದ ಅತಿದೊಡ್ಡ ನಗರವಾದ ಸಾವೊ ಪಾಲೊದ ಒಂದು ಬಡಾವಣೆ ಉತ್ತಮ ನಿದರ್ಶನವಾಗಿದೆ. ಆ ಬಡಾವಣೆಯ ಹೆಸರು ಲಿಬೆರ್ದಾಜಿ. ಪೋರ್ತುಗೀಸ್ ಭಾಷೆಯಲ್ಲಿ ಈ ಪದಕ್ಕೆ ಸ್ವಾತಂತ್ರ್ಯ, ಬಿಡುಗಡೆ ಎಂದರ್ಥ.

ನಗರದ ಹಳೆಯ ಕೇಂದ್ರಕ್ಕೆ ದಕ್ಷಿಣದಲ್ಲಿ ಹೊಂದಿಕೊಂಡಿರುವ ಈ ಭಾಗದಲ್ಲಿ 2010ರ ಜನಗಣತಿಯ ವೇಳೆಗೆ ಸುಮಾರು 69 ಸಾವಿರ ಜನರು ವಾಸವಾಗಿದ್ದರು. ಇಲ್ಲಿಗೆ ಬರುವ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಗಲ್ವಾವ್ ಬ್ವೆನೊ ಬೀದಿಯ ಮೇಲೆ ನಿಂತ ಕೆಂಪು ಬಣ್ಣದ ಜಪಾನೀ ತೋರಣದ್ವಾರ. ಬಳಿಕ ಸಾಲುಸಾಲಾದ ಲಾಂದ್ರದಾಕಾರದ ಬೀದಿದೀಪಗಳು, ಜಪಾನೀ ಅಕ್ಷರದ ಫಲಕಗಳು, ಅಂಗಡಿಗಳು, ಊಟದ ಮನೆಗಳು. ಇದು ಜಪಾನೀಯರೇ ಕಟ್ಟಿದ ಕೇರಿ ಎಂದು ಆತನು ಭಾವಿಸುವುದು ಸಹಜ. ಆದರೆ ಕೇರಿಯ ಹೆಸರು ಜಪಾನೀಯರ ಆಗಮನಕ್ಕಿಂತ ಹಳೆಯದು. ಅದರ ಮೂಲದಲ್ಲಿರುವ ಕಥೆಯೂ ಬೇರೆಯದು.

ಸಾವೊ ಪಾಲೊ ನಗರವು 1554ರಲ್ಲಿ ಜೆಸ್ಯುಯಿಟ್ ಪಾದ್ರಿಗಳಿಂದ ಸ್ಥಾಪಿತವಾಯಿತು. ಊರಿನೊಳಗೆ ಇರಬಾರದೆಂದು ಜನರು ಬಯಸುವ ಸಂಗತಿಗಳನ್ನು ಊರ ಹೊರಗೆ ಇಡುವುದು ಎಲ್ಲ ದೇಶಗಳ ವಾಡಿಕೆ. ಸಾವೊ ಪಾಲೊ ಅಂಥವುಗಳನ್ನು ಈ ದಕ್ಷಿಣದ ಅಂಚಿನಲ್ಲಿಟ್ಟಿತು. 1754ರಲ್ಲಿ ಇಲ್ಲಿ ಮದ್ದಿನ ಮನೆ ನಿರ್ಮಾಣವಾಯಿತು. 1775ರಲ್ಲಿ ನಗರದ ಮೊದಲ ಸಾರ್ವಜನಿಕ ಸ್ಮಶಾನ ಇಲ್ಲಿಯೇ ಏರ್ಪಟ್ಟಿತು. ಸಮೀಪದ ಬಯಲಿನಲ್ಲಿ ಗಲ್ಲುಮರ ನಿಂತಿತು. ಆ ಬಯಲಿಗೆ ಗಲ್ಲಿನ ಚೌಕವೆಂದೇ ಹೆಸರಾಯಿತು. ಸಿರಿವಂತರನ್ನು ಚರ್ಚುಗಳ ಒಳಗೆ ಹೂಳುತ್ತಿದ್ದ ಆ ಕಾಲದಲ್ಲಿ ಈ ಸ್ಮಶಾನ ಒದಗಿದ್ದು ಆಫ್ರಿಕದಿಂದ ತರಲ್ಪಟ್ಟ ಗುಲಾಮರಿಗೆ, ಮೂಲನಿವಾಸಿಗಳಿಗೆ, ದಿಕ್ಕಿಲ್ಲದ ಬಡವರಿಗೆ, ನೇಣಿಗೇರಿದವರಿಗೆ. 1779ರಲ್ಲಿ ಕಟ್ಟಿದ ಅಲ್ಲಿಯ ಪುಟ್ಟ ಪ್ರಾರ್ಥನಾಮಂದಿರವು ಅಫ್ಲಿತೋಸ್ ಮಾತೆಯದು. ಅಫ್ಲಿತೋಸ್ ಎಂದರೆ ಆರ್ತರು, ಸಂಕಟದಲ್ಲಿರುವವರು. ಅಲ್ಲಿ ಮಣ್ಣಾದವರಿಗೆ ಇದಕ್ಕಿಂತ ತಕ್ಕ ಹೆಸರು ದೊರೆಯುವುದು ದುರ್ಲಭ.

ಈ ನೆಲದಲ್ಲಿ ಪ್ರಾಣಬಿಟ್ಟವರಲ್ಲಿ ಒಬ್ಬನ ಹೆಸರು ಜನಮನದಲ್ಲಿ ಉಳಿದಿದೆ. ಫ್ರಾನ್ಸಿಸ್ಕೊ ಜೊಸೆ ದಾಸ್ ಶಾಗಸ್ ಎಂಬ ಆ ಸೈನಿಕನನ್ನು ಜನರು ಪ್ರೀತಿಯಿಂದ ಶಗೀನ್ಯಾಸ್ ಎಂದು ಕರೆದರು. 1821ರ ಜೂನ್ ತಿಂಗಳಿನಲ್ಲಿ ಸಾಂತೋಸ್ ಬಂದರಿನ ಸೈನಿಕರು ಬಾಕಿ ವೇತನಕ್ಕಾಗಿಯೂ ಪೋರ್ತುಗೀಸ್ ಸೈನಿಕರಿಗೆ ಸಮನಾದ ಸಂಬಳಕ್ಕಾಗಿಯೂ ದಂಗೆಯೆದ್ದರು. ಆ ದಂಗೆಯ ಮುಂದಾಳೆಂದು ಶಗೀನ್ಯಾಸನಿಗೆ ಮರಣದಂಡನೆ ವಿಧಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಬ್ರೆಜಿಲ್ ಸ್ವತಂತ್ರವಾಗಲು ಇನ್ನು ಒಂದು ವರ್ಷವಿರುವಾಗ, ಅವನನ್ನು ಗಲ್ಲಿಗೇರಿಸಿದರು. ಆಗ ಹಗ್ಗ ಒಂದಕ್ಕಿಂತ ಹೆಚ್ಚು ಬಾರಿ ಹರಿದುಬಿತ್ತೆಂದೂ, ನೆರೆದ ಜನರು ಇದು ದೈವಸಂಕಲ್ಪವೆಂದು ಬಗೆದು "ಲಿಬೆರ್ದಾಜಿ, ಲಿಬೆರ್ದಾಜಿ" ಎಂದು ಕೂಗಿ ಅವನ ಬಿಡುಗಡೆಗಾಗಿ ಮೊರೆಯಿಟ್ಟರೆಂದೂ ಪರಂಪರೆ ಹೇಳುತ್ತದೆ. ಆ ಮೊರೆ ಫಲಿಸಲಿಲ್ಲ. ಬಡಾವಣೆಯ ಹೆಸರು ಆ ಕೂಗಿನಿಂದ ಹುಟ್ಟಿತೆಂಬುದು ಒಂದು ಮತ. ಗುಲಾಮಗಿರಿಯ ವಿಮೋಚನೆಯ ಸ್ಮರಣಾರ್ಥವಾಗಿ ಬಂದಿತೆಂಬುದು ಇನ್ನೊಂದು ಮತ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಈ ಹೆಸರು ಬಂಧನವನ್ನು ಕಂಡವರ ಹಂಬಲವನ್ನೇ ಸೂಚಿಸುತ್ತದೆ.

1858ರಲ್ಲಿ ಕೊನ್ಸೊಲಸಾವ್ ಎಂಬಲ್ಲಿ ಹೊಸ ಸ್ಮಶಾನ ತೆರೆಯಿತು, ಹಳೆಯದು ಮುಚ್ಚಿತು. ಕ್ರಮೇಣ ಆ ಭೂಮಿ ನಿವೇಶನಗಳಾಗಿ ಮಾರಾಟವಾಗಿ, ಗೋರಿಗಳ ಮೇಲೆ ಮನೆಗಳೆದ್ದವು. ಆರ್ತರ ಮಂದಿರವೊಂದೇ ಕಟ್ಟಡಗಳ ನಡುವೆ, ಕುರುಡು ಓಣಿಯ ಕೊನೆಯಲ್ಲಿ ಉಳಿದುಕೊಂಡಿತು.

ಇನ್ನು ಜಪಾನೀಯರು ಇಲ್ಲಿಗೆ ಬಂದ ಬಗೆಯನ್ನು ಅರಿಯಬೇಕು. 1888ರ ಮೇ 13ರಂದು ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಕಾಫಿ ತೋಟಗಳ ಒಡೆಯರು ಯೂರೋಪಿನಿಂದ, ಮುಖ್ಯವಾಗಿ ಇಟಲಿಯಿಂದ, ಕೂಲಿಗಳನ್ನು ಕರೆಸಿಕೊಂಡರು. ತೋಟಗಳಲ್ಲಿಯ ದುಃಸ್ಥಿತಿಯನ್ನು ಕಂಡ ಇಟಲಿ ಸರ್ಕಾರವು 1902ರಲ್ಲಿ ಪ್ರಯಾಣವೆಚ್ಚ ಕೊಟ್ಟು ಜನರನ್ನು ಒಯ್ಯುವುದನ್ನು ನಿಷೇಧಿಸಿತು. ಆ ಕೊರತೆಯನ್ನು ತುಂಬಲು 1908ರ ಜೂನ್ 18ರಂದು ಕಸಾತೊ ಮಾರು ಎಂಬ ಹಡಗು 781 ಜಪಾನೀ ವಲಸಿಗರನ್ನು ಸಾಂತೋಸ್ ಬಂದರಿಗೆ ತಂದಿಳಿಸಿತು. ತೋಟದ ದುಡಿಮೆಯಲ್ಲಿ ಸಾಲ ಕಳೆಯಲಿಲ್ಲ, ಉಳಿತಾಯವೂ ಆಗಲಿಲ್ಲ. ಆದಕಾರಣ ಅನೇಕರು ನಗರದತ್ತ ಹೊರಳಿದರು. 1912ರ ಸುಮಾರಿಗೆ ಅವರು ಕೊಂದೆ ದೆ ಸರ್ಜೆದಾಸ್ ಎಂಬ ಇಳಿಜಾರು ಬೀದಿಯಲ್ಲಿ ನೆಲೆಸತೊಡಗಿದರು. ಅಲ್ಲಿಯ ಮನೆಗಳಿಗೆ ನೆಲಮಾಳಿಗೆಗಳಿದ್ದವು. ಆ ಕೋಣೆಗಳ ಬಾಡಿಗೆ ಅಲ್ಪ. ಕೆಲಸ ಸಿಗುವ ನಗರಕೇಂದ್ರ ಕಾಲ್ನಡಿಗೆಯ ದೂರದಲ್ಲಿತ್ತು. ಬಡವರು ಅಲ್ಲಿಗೆ ಬರಲು ಇಷ್ಟು ಕಾರಣ ಸಾಕಾಗಿತ್ತು. 1915ರಲ್ಲಿಯೇ ಮಕ್ಕಳಿಗಾಗಿ ತೈಶೊ ಶಾಲೆಯನ್ನು ಅವರು ಅಲ್ಲಿ ತೆರೆದರೆಂಬುದು ಗಮನಾರ್ಹ. ಸ್ವಂತ ಸೂರಿಲ್ಲದವರೂ ಅಕ್ಷರಕ್ಕೆ ಮೊದಲ ಸ್ಥಾನ ಕೊಟ್ಟರು.

ಎರಡನೆಯ ಮಹಾಯುದ್ಧದಲ್ಲಿ ಈ ಜನರಿಗೂ ನೆಲೆ ತಪ್ಪಿತು. 1942ರ ಜನವರಿಯಲ್ಲಿ ಬ್ರೆಜಿಲ್ ಜಪಾನಿನೊಡನೆ ಸಂಬಂಧ ಕಡಿದುಕೊಂಡಿತು. ಸಾರ್ವಜನಿಕವಾಗಿ ಜಪಾನೀ ಭಾಷೆಯನ್ನಾಡುವುದು ನಿಷಿದ್ಧವಾಯಿತು. ಸರ್ಜೆದಾಸ್ ಬೀದಿಯ ನಿವಾಸಿಗಳಿಗೆ ಮನೆ ತೆರವು ಮಾಡುವಂತೆ ಆಜ್ಞೆಯಾಯಿತು. ಯುದ್ಧಕಾಲದಲ್ಲಿಯೂ ಅನಂತರವೂ ಜಪಾನೀಯರಿಗಾದ ಕಿರುಕುಳಕ್ಕಾಗಿ ಬ್ರೆಜಿಲ್ ಸರ್ಕಾರವು 2024ರಲ್ಲಿ ಅಧಿಕೃತವಾಗಿ ಕ್ಷಮೆ ಕೋರಿತು.

ಯುದ್ಧಾನಂತರ ಅವರು ಮರಳಿ ಬಂದು ನೆಲೆಯೂರಿದರು. 1953ರಲ್ಲಿ ಗಲ್ವಾವ್ ಬ್ವೆನೊ ಬೀದಿಯಲ್ಲಿ ಜಪಾನೀ ಚಿತ್ರಗಳಿಗಾಗಿಯೇ ನಿತೆರೋಯ್ ಚಿತ್ರಮಂದಿರ ತೆರೆಯಿತು. ಅದರ ಸುತ್ತ ವ್ಯಾಪಾರ ಬೆಳೆಯಿತು. ತೋರಣದ್ವಾರವೂ ಲಾಂದ್ರದೀಪಗಳೂ 1970ರ ದಶಕದವು. 1975ರಲ್ಲಿ ಭೂಗತ ರೈಲು ನಿಲ್ದಾಣವಾಯಿತು. 1978ರಲ್ಲಿ ವಲಸೆಯ ಎಪ್ಪತ್ತು ವರ್ಷಗಳ ನೆನಪಿಗೆ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಚೀನೀಯರೂ ಕೊರಿಯನ್ನರೂ ಬಂದು ಸೇರಿದರು. ಆದರೆ ಕರಿಯ ಜನಾಂಗದವರು ಈ ಭಾಗವನ್ನು ಬಿಟ್ಟುಹೋಗಿರಲಿಲ್ಲ. ದೆಒಲಿಂದಾ ಮಾದ್ರೆ ಎಂಬ ಮಹಿಳೆ 1937ರಲ್ಲಿ ಸ್ಥಾಪಿಸಿದ ಲವಪೆಸ್ ಸಾಂಬಾ ನೃತ್ಯಮಂಡಲಿ ಈ ಪರಿಸರದಲ್ಲಿಯೇ ಹುಟ್ಟಿತು. ಅಲಂಕಾರದ ಫಲಕಗಳಲ್ಲಿ ಮಾತ್ರ ಅವರಿಗೆ ಸ್ಥಾನ ದೊರೆಯಲಿಲ್ಲ.

2018ರಲ್ಲಿ ರೈಲು ನಿಲ್ದಾಣಕ್ಕೆ "ಜಪಾನ್-ಲಿಬೆರ್ದಾಜಿ" ಎಂದು ಹೊಸ ಹೆಸರಿಟ್ಟಾಗ ಈ ಮರೆವು ಪ್ರಶ್ನೆಗೊಳಗಾಯಿತು. ಗುಲಾಮರ ವಂಶಜರು ತಮ್ಮ ಪೂರ್ವಿಕರ ನೆನಪನ್ನು ಅಳಿಸಲಾಗುತ್ತಿದೆಯೆಂದು ಆಕ್ಷೇಪಿಸಿದರು. ಅದೇ ವರ್ಷ, ಮಂದಿರದ ನೆರೆಯಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವಿದ ಜಾಗದಲ್ಲಿ ಪುರಾತತ್ತ್ವಜ್ಞರು ಅಗೆಯುತ್ತಿರಲು ಒಂಬತ್ತು ಮಂದಿಯ ಅಸ್ಥಿಗಳು ದೊರೆತವು. ಸುಮಾರು ಒಂದೂವರೆ ಶತಮಾನದ ಮೌನಾನಂತರ ಆ ನೆಲವೇ ಸಾಕ್ಷಿ ನುಡಿಯಿತು. 2020ರಲ್ಲಿ ಆರ್ತರ ಸ್ಮಾರಕಕ್ಕಾಗಿ ನಗರಸಭೆಯ ಕಾನೂನಾಯಿತು; 2022ರಲ್ಲಿ ದೆಒಲಿಂದಾ ಮಾದ್ರೆಯ ಪ್ರತಿಮೆ ಚೌಕದಲ್ಲಿ ನಿಂತಿತು; 2023ರಲ್ಲಿ ಆ ಚೌಕಕ್ಕೆ ಆಫ್ರಿಕ, ಜಪಾನ್ ಎರಡರ ಹೆಸರೂ ಸೇರಿದವು.

ಇಲ್ಲಿ ಒಬ್ಬರ ನೆನಪು ಇನ್ನೊಬ್ಬರಿಗೆ ಶತ್ರುವೆಂದು ತಿಳಿಯಬೇಕಾಗಿಲ್ಲ. ನೆಲಮಾಳಿಗೆಯಲ್ಲಿ ಬಾಳಿ, ಅಲ್ಲಿಂದಲೂ ಹೊರದೂಡಲ್ಪಟ್ಟ ಜಪಾನೀಯರು ತಾವೂ ಆರ್ತರೇ ಆಗಿದ್ದರು. ಅವರ ಶ್ರಮವನ್ನು ಗೌರವಿಸುವುದು ಯುಕ್ತ. ಆದರೆ ಅವರಿಗಿಂತ ಮೊದಲು ಈ ಮಣ್ಣಿಗೆ ಸೇರಿದವರನ್ನು ಮರೆತು ಆ ಗೌರವ ಸಲ್ಲಿಸಬೇಕಾಗಿಲ್ಲ. ಸ್ಮಾರಕಗಳನ್ನು ಕಟ್ಟುವವರೂ ಬೀದಿಗಳಿಗೆ ಹೆಸರಿಡುವವರೂ, ಆ ನೆಲದಲ್ಲಿ ತಮಗಿಂತ ಮೊದಲು ಯಾರಿದ್ದರೆಂದು ಕೇಳಿಕೊಳ್ಳುವುದು ಕರ್ತವ್ಯ. ಕುರುಡು ಓಣಿಯ ಆ ಮಂದಿರಕ್ಕೆ ಇಂದಿಗೂ ಭಕ್ತರು ಬರುತ್ತಾರೆ. ತಮ್ಮ ಕೋರಿಕೆಯನ್ನು ಚೀಟಿಯಲ್ಲಿ ಬರೆದಿಟ್ಟು, ಶಗೀನ್ಯಾಸನನ್ನು ನೆನೆದು, ಹಳೆಯ ಮರದ ಬಾಗಿಲನ್ನು ಮೂರು ಬಾರಿ ತಟ್ಟುತ್ತಾರೆ.